ಇನ್ನೂ ಹೋಗದ ಬೆರಳುಗಳು

ಸಮಾಧಾನ, ಸಮಾಧಾನ ಅಂತ ಬಾಯಿ ತುಂಬ ಹೇಳ್ತೀರಿ. ಯಾರಿಗೆ ಹೇಳ್ತೀರಿ? ಸ್ವಲ್ಪ ಕೇಳಿ.

ಹೊಳೆ ದಂಡೆಯ ಒಂದು ಊರು. ಅಲ್ಲಿ ದೊಡ್ಡ ಅಕ್ಕಿ ಗಿರಣಿ ಇಟ್ಟಿದ್ದ ಒಬ್ಬ ಧಣಿ. ಭಾರೀ ದೈವಭಕ್ತ, ನೋಡಿ! ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ಶಿವನಾಮ. ಅವನ ಗಿರಣಿಯಲ್ಲಿ ಹುಲಿಗೆವ್ವ ಅನ್ನೋ ಹೆಣ್ಣುಮಗಳು ಕಸ ಗುಡಿಸ್ತಿದ್ದಳು. ಒಂದು ದಿನ ತಿರುಗೋ ಯಂತ್ರದ ರಬ್ಬರ್ ಪಟ್ಟಾಕ್ಕೆ ಅವಳ ಸೆರಗು ಸಿಕ್ಕಿತು. ಬಿಡಿಸಿಕೊಳ್ಳೋಕೆ ಹೋದಳು, ಬಲಗೈಯ ಮೂರು ಬೆರಳು ಹೋದವು. ಆ ಪಟ್ಟಾದ ಸುತ್ತ ಒಂದು ಕಬ್ಬಿಣದ ಜಾಳಿಗೆ ಹಾಕಿಸಿ ಅಂತ ಹೆಂಗಸರು ವರ್ಷದಿಂದ ಗೋಗರೀತಿದ್ದರು. ಹಾಕಿಸಿರಲಿಲ್ಲ.

ಧಣಿ ಬಾಳೆಹಣ್ಣು ಹಿಡಕೊಂಡು ಆಸ್ಪತ್ರೆಗೆ ಬಂದ. "ಹಣೇಬರಹ ತಂಗಿ. ಬಂದದ್ದನ್ನ ಶಾಂತಿಯಿಂದ ಸ್ವೀಕರಿಸಬೇಕು" ಅಂದ.

"ಹೋದ ಬೆರಳು ಹೋದವು ಧಣೇರ, ಅದಕ್ಕ ಅತ್ತು ಮುಗಿಸೀನಿ. ಜಾಳಿಗಿ ಹಾಕಸ್ರಿ" ಅಂದಳು ಹುಲಿಗೆವ್ವ.

"ಎಲ್ಲಾ ಶಿವನಿಚ್ಛಾ" ಅಂದ. ಎದ್ದು ಹೋದ.

ಎರಡು ತಿಂಗಳು ಅವಳು ಎಡಗೈಯಲ್ಲಿ ಉಣ್ಣೋದು ಕಲಿತಳು, ಎಡಗೈಯಲ್ಲಿ ಕಸಬರಿಗೆ ಹಿಡಿಯೋದು ಕಲಿತಳು. ಯಾರನ್ನೂ ಶಪಿಸಲಿಲ್ಲ. ಕೆಲಸಕ್ಕೆ ಬಂದು ನೋಡಿದರೆ, ಪಟ್ಟಾ ಜಾಳಿಗೆ ಇಲ್ಲದೆ ಹಾಗೇ ತಿರುಗ್ತಿದೆ! ಅದರ ಪಕ್ಕ ಹೊಸ ಹುಡುಗಿಯೊಬ್ಬಳು ಬಗ್ಗಿ ಗುಡಿಸ್ತಿದ್ದಾಳೆ.

ಹುಲಿಗೆವ್ವ ಸೀದಾ ಹೋಗಿ ಯಂತ್ರ ನಿಲ್ಲಿಸಿದಳು. ಅದನ್ನ ಚಾಲೂ ಮಾಡೋ ಗುಂಡಿಯ ಮುಂದೆ ಅಡ್ಡ ನಿಂತಳು. ಮಿಕ್ಕ ಹೆಂಗಸರು ಹೆದರಿ ಗೋಡೆಗೆ ಅಂಟಿಕೊಂಡರು. ಒಬ್ಬ ಮುದುಕಿ ಮಾತ್ರ ಬಂದು ಅವಳ ಕಾಲ ಬಳಿ ಕೂತಳು. ಆಮೇಲೆ ಇನ್ನೊಬ್ಬಳು, ಆಮೇಲೆ ಎಲ್ಲರೂ.

ಧಣಿ ಓಡಿ ಬಂದ. ಎಲ್ಲಿ ಹೋಯಿತು ಶಾಂತಿ? ಎಲ್ಲಿ ಹೋಯಿತು ಶಿವನಿಚ್ಛೆ? ಗಿರಣಿ ಒಂದು ತಾಸು ನಿಂತದ್ದನ್ನ ತಡಕೊಳ್ಳಲಾಗದೆ ಕಾಲಿನ ಚಪ್ಪಲಿ ಕಿತ್ತು ಅವಳತ್ತ ಒಗೆದ! "ಸ್ವೀಕರಿಸು ಅಂತ ಹೇಳಿದ್ನಿಲ್ಲೋ ನಿನಗ?"

ಹುಲಿಗೆವ್ವ ಬೆರಳಿಲ್ಲದ ಕೈ ಎತ್ತಿ ತೋರಿಸಿದಳು. "ಸ್ವೀಕರಿಸೀನ್ರಿ, ಇದನ್ನ. ಆದರ ಈ ಹುಡುಗಿ ಬೆರಳು ಇನ್ನೂ ಹೋಗಿಲ್ಲ. ಹೋಗದೇ ಇದ್ದ ಬೆರಳನ್ನ ನಾ ಹೆಂಗ ಸ್ವೀಕರಿಸಲಿ?"

ಹೆಂಗಸರು ಕೂತಲ್ಲಿಂದ ಏಳಲಿಲ್ಲ. ಮಧ್ಯಾಹ್ನಕ್ಕೆ ಧಣಿ ಕರೆಸಿದ ವೆಲ್ಡಿಂಗ್‌ನವನು ಬಂದ. ಜಾಳಿಗೆ ಕೂರಿಸಿದ. ಎಷ್ಟು ಹೊತ್ತಿನ ಕೆಲಸ ಗೊತ್ತೇನು? ಅರ್ಧ ತಾಸು! ಅರ್ಧ ತಾಸಿನ ಕೆಲಸಕ್ಕೆ ಶಿವನನ್ನ ಸಾಕ್ಷಿಗೆ ಕರೆದಿದ್ದ ಪುಣ್ಯಾತ್ಮ!

ಎಡಗೈಯಲ್ಲಿ ಗುಡಿಸೋದು ಕಲಿತಳಲ್ಲ, ಅದು ಸ್ವೀಕಾರ. ಧಣಿ ಆಸ್ಪತ್ರೆಯಲ್ಲಿ ಹೇಳಿದ್ದು ಏನು? ಮೈಗಳ್ಳತನ! ದೇವರ ಹೆಸರು ಹೊದ್ದ ಮೈಗಳ್ಳತನ!

ಧಣಿಯನ್ನ ಬೈದೆ ಅಂತ ನೀವು ನಗಬೇಡಿ. ನಿಮ್ಮ ಮನೆಯಲ್ಲಿ ಸೊಸೆ ಒಲೆ ಹೊಗೆಗೆ ಕೆಮ್ಮಿ ಕೆಮ್ಮಿ ಸಾಯ್ತಾಳೆ. "ನಾವೂ ಹಿಂಗ ಮಾಡೀವಿ, ಹೊಂದ್ಕೊಂಡು ಹೋಗವ್ವ" ಅಂತೀರಿ. ಅದೇ ಸೊಸೆ ಸಾರಿಗೆ ಉಪ್ಪು ಕಡಿಮೆ ಹಾಕಿದರೆ? ತಾಟು ಅಂಗಳಕ್ಕೆ ಬೀಳುತ್ತೆ! ಬೆನ್ನು ಮುರಿಯೋ ಕಷ್ಟವನ್ನ ಅವಳು ಸಹಿಸಬೇಕು, ಚಿಟಿಕೆ ಉಪ್ಪನ್ನ ನೀವು ಸಹಿಸೋದಿಲ್ಲ. ಇದಕ್ಕೆ ಧರ್ಮ ಅಂತ ಹೆಸರು ಬೇರೆ!

ಇವತ್ತು ಮನೆಗೆ ಹೋಗಿ. ಸಪ್ಪೆ ಸಾರು ಬಂದರೆ ಗೊಣಗದೆ ಉಣ್ಣಿ. ಸಮಾಧಾನದ ಮಾತು ನಿಮ್ಮ ನಾಲಿಗೆಗೆ ನೀವೇ ಹೇಳಿಕೊಳ್ಳಿ. ಉಂಡು ಕೈ ತೊಳೆದ ಮೇಲೆ ಅಡುಗೆಮನೆಗೆ ಹೋಗಿ, ಗೋಡೆ ಒಡೆದು ಕಿಟಕಿ ಎಲ್ಲಿ ಇಡಬೇಕು ಅಂತ ಸೊಸೆಯನ್ನ ಕೇಳಿ.