ಕೂಡಿಸದ ಎಂಟು ಗಂಟೆ

ದೀಪ ಸ್ವಲ್ಪ ಸಣ್ಣದು ಮಾಡಿ... ನಗೋದಾದರೆ ಈಗಲೇ ನಕ್ಕುಬಿಡಿ. ಇದು ನಮ್ಮ ಚಿಕ್ಕಪ್ಪನ ಕಿರಿಮಗನಿಗೆ ಆದದ್ದು, ಕಟ್ಟಿದ ಕತೆಯಲ್ಲ.

ವಿಮಾನದ ಟಿಕೆಟ್ ಅಂಗಡಿ ಅವನದು. ಅಂದು ಶಟರ್ ಎಳೆದಾಗ ಹನ್ನೊಂದು ದಾಟಿತ್ತು. ಮನೆಯ ದಾರಿಯಲ್ಲಿ ಒಂದು ಹಳೇ ಬಾವಿ. ನೀರು ಬತ್ತಿ ವರ್ಷಗಳಾಗಿವೆ, ರಾಟೆಗೆ ಹಗ್ಗವೂ ಇಲ್ಲ. ಆದರೂ ರಾಟೆ ತಿರುಗಿತು. ಕಿರ್ರ್... ಕಿರ್ರ್...

ನಿಂತ.

"ಎಷ್ಟು ಹೊತ್ತಾಗುತ್ತೋ ಮಗಾ?"

ಪಿಸುಮಾತು. ಅಮ್ಮನ ದನಿ. ಅಮ್ಮ ಹೋಗಿ ಆಗ ಎರಡು ತಿಂಗಳು.

ಇವನಿಗೆ ಜನ ಇಟ್ಟ ಹೆಸರು 'ಗಂಟೆಪ್ಪ'. ಯಾವ ವಿಮಾನ ನಿಲ್ದಾಣದಿಂದ ಯಾವುದಕ್ಕೆ ಎಷ್ಟು ದೂರ, ಎಷ್ಟು ಹೊತ್ತು, ಎಲ್ಲ ನಾಲಿಗೆ ತುದಿಯಲ್ಲಿ. ಅಂಗಡಿ ಗೋಡೆಗೆ ಆರು ಗಡಿಯಾರ, ಒಂದೊಂದರಲ್ಲಿ ಒಂದೊಂದು ದೇಶದ ಸಮಯ. ಪರದೇಶದಲ್ಲಿರುವ ಅಣ್ಣನ ಊರಿನ ಗಡಿಯಾರದ ಸೆಲ್ ಮುಗಿದಾಗ ಅದನ್ನು ಇಳಿಸಿ, ಸೆಲ್ ಕಿತ್ತೆಸೆದು, ಡ್ರಾಯರಿಗೆ ತಳ್ಳಿದ್ದ. ಎಲ್ಲ ತಲೆಯಲ್ಲೇ ಇದೆಯಲ್ಲ ಅನ್ನೋ ಜಂಬ.

ಎರಡು ತಿಂಗಳ ಹಿಂದೆ ಅಮ್ಮ ಹಾಸಿಗೆ ಹಿಡಿದಳು. ದೊಡ್ಡವನ ಮುಖ ನೋಡಲೆಂದೇ ಜೀವ ಹಿಡಿದುಕೊಂಡಿದ್ದಳು. ಅಣ್ಣ ಫೋನ್ ಮಾಡಿ, "ಇಲ್ಲಿಂದ ಬೆಳಿಗ್ಗೆ ಆರಕ್ಕೆ ವಿಮಾನ ಕಣೋ" ಅಂದ. ಇವನು ಅಮ್ಮನಿಗೆ ಪಟಪಟನೆ ಹೇಳಿದ: "ಹನ್ನೆರಡು ಸಾವಿರದ ಮುನ್ನೂರು ಕಿಲೋಮೀಟರ್, ಹದಿನಾಲ್ಕು ಗಂಟೆ. ರಾತ್ರಿ ಎಂಟಕ್ಕೆ ಇಳೀತಾನೆ, ಒಂಬತ್ತಕ್ಕೆ ನಿನ್ನ ಮುಂದೆ."

ಅಲ್ಲಿ ಬೆಳಿಗ್ಗೆ ಆರು ಅಂದರೆ ಇಲ್ಲಿ ಮಧ್ಯಾಹ್ನ ಎರಡು. ಆ ಎಂಟು ಗಂಟೆಯನ್ನು ಇವನು ಕೂಡಿಸಲೇ ಇಲ್ಲ. ಗಿರಾಕಿಗಳಿಗೆ ದಿನಾ ಕೂಡಿಸಿ ಹೇಳುವವನು, ಹೆತ್ತವಳಿಗೆ ಮರೆತ!

ಒಂಬತ್ತಾಯಿತು. ಹತ್ತಾಯಿತು. ಅಮ್ಮನ ಕಣ್ಣು ಬಾಗಿಲಲ್ಲೇ. "ದೊಡ್ಡವನಿಗೆ ನಾನು ಬೇಡವಾದೆ" ಅಂದವಳೇ ಗೋಡೆಗೆ ಮುಖ ತಿರುಗಿಸಿದಳು. ಇವನಿಗೆ ತಪ್ಪು ಹೊಳೆದದ್ದೂ ಆಗಲೇ. ಹೇಳಬಹುದಿತ್ತು. ಆದರೆ ಎಂದೂ ತಪ್ಪದ ಗಂಟೆಪ್ಪ ನೋಡಿ... ಬಾಯಿ ಬಿಡಲಿಲ್ಲ. ನಡುರಾತ್ರಿಗೆ ಅಮ್ಮ ಹೋದಳು.

ಅಣ್ಣ ಬಂದದ್ದು ಬೆಳಗಿನ ಐದಕ್ಕೆ. "ಅಮ್ಮ ಏನಾದ್ರೂ ಅಂದಳೇನೋ?" ಅಂತ ಕೇಳಿದ. ಈ ಪುಣ್ಯಾತ್ಮ ಅಮ್ಮನ ಮಾತನ್ನು ಹಾಗೇ ಒಪ್ಪಿಸಿದ, ತನ್ನ ತಪ್ಪನ್ನು ನುಂಗಿಕೊಂಡ. ನಾಲ್ಕನೇ ದಿನ ಹೊರಟ ಅಣ್ಣ ಮತ್ತೆ ಈ ಕಡೆ ತಲೆ ಹಾಕಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಂ, ಬಾವಿ...

"ಎಷ್ಟು ಹೊತ್ತೋ?"

ಅಭ್ಯಾಸ ಬಿಡಬೇಕಲ್ಲ. "ಹದಿ... ಹದಿನಾಲ್ಕು ಗಂಟೆ, ಅಮ್ಮಾ."

ರಾಟೆ ನಿಂತಿತು.

"ನನ್ನ ಎಂಟು ಗಂಟೆ ಎಲ್ಲೋ?"

"ಅಣ್ಣನಿಗೆ ಹೇಳ್ತೀನಿ... ನಾಳೆನೇ ಎಲ್ಲಾ ಹೇಳ್ತೀನಿ."

ಬಿದ್ದೂ ಎದ್ದೂ ಮನೆ ಸೇರಿದ.

ಬೆಳಿಗ್ಗೆ ಅಂಗಡಿ ತೆರೆದರೆ, ಖಾಲಿಯಿದ್ದ ಮೊಳೆಯಲ್ಲಿ ಆ ಗಡಿಯಾರ. ಟಿಕ್... ಟಿಕ್... ಅಣ್ಣನ ಊರಿನ ಸಮಯ, ಒಂದು ನಿಮಿಷವೂ ಆಚೀಚೆ ಇಲ್ಲ.

ನಿಜ ಕಣ್ರೀ. ನಾನೇ ಕೈಯಾರೆ ಇಳಿಸಿ, ಹಿಂದೆ ತಿರುಗಿಸಿ ನೋಡಿದ್ದೇನೆ. ಸೆಲ್ ಹಾಕುವ ಜಾಗ ಖಾಲಿ. ನಾಳೆ ಅಂದವನು ಅಣ್ಣನಿಗೆ ಇನ್ನೂ ಫೋನ್ ಮಾಡಿಲ್ಲ. ಗಡಿಯಾರವೂ ಇನ್ನೂ ನಿಂತಿಲ್ಲ.