ಭಾವನ ಜೋಲಿಗೆ ಎಂಥ ಜಿಪ್ಪು?

ಹಲೋ… ಹಲೋ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಹೊಲಿಗೆ ಮಿಷನ್ ಓಡ್ತಾ ಇದೆ…

…ಓ, ಭಾವ, ನೀವಾ! ಇದ್ಯಾವ ನಂಬರು? ಆಫೀಸ್ ಫೋನಾ? ಅದ್ಯಾಕೆ ಪಿಸುಪಿಸು ಅಂತೀರಿ, ಬ್ಯಾಂಕ್ ದೋಚೋಕೆ ಹೊರಟಿದೀರಾ?…

…ಇಲ್ಲ, ಅಕ್ಕ ಇಲ್ಲಿಲ್ಲ. ನಾನೊಬ್ಳೇ ಇದೀನಿ, ಹೇಳಿ…

…ಏನು, ಹ್ಯಾಮಕ್ಕಾ? ಎರಡು ಮರದ ಮಧ್ಯೆ ಕಟ್ಟೋ ಜೋಲಿ ತಾನೇ? ಹೊಲಿತೀನಿ. ಡೇರೆ, ಜೋಲಿ ಬಿಟ್ರೆ ನನ್ನ ಅಂಗಡೀಲಿ ಇನ್ನೇನಿದೆ. ಯಾರಿಗೆ?…

…ನಿಮಗಾ! ಕಾಡಿಗೆ? ಕ್ಯಾಂಪಿಂಗು? ಜಿರಲೆ ಕಂಡ್ರೆ ಮಂಚ ಹತ್ತಿ ನಿಲ್ಲೋರು ನೀವು! ಇಲ್ಲಪ್ಪ, ನಗ್ತಿಲ್ಲ, ಕೆಮ್ಮು ಅದು…

…ಹಾಂ, ಬರ್ಕೋತೀನಿ. ಸೊಳ್ಳೆ ಪರದೆ, ಸಣ್ಣ ಕಣ್ಣಿಂದು. ಮೂಗಿಗೆ ತಾಗಬಾರ್ದಾ? ಹಾಗಿದ್ರೆ ಮೇಲೊಂದು ಹಗ್ಗ ಎಳೆದು ಪರದೆ ಅದಕ್ಕೆ ನೇತು ಹಾಕ್ಬೇಕು. ಅಡಿಬಟ್ಟೆ ಒಂದು ಪದರ ಸಾಕು ಅಂತೀರಾ? ಸೊಳ್ಳೆಗಳೆಲ್ಲ ಮೇಲಿಂದಾನೇ ಬರ್ಬೇಕು ಅಂತ ನಿಮ್ಮ ಆಫೀಸಿಂದ ಸುತ್ತೋಲೆ ಕಳಿಸಿದೀರಾ? ಬಟ್ಟೆ ಬೆನ್ನಿಗೆ ಅಂಟ್ಕೊಂಡಿರುತ್ತೆ ಭಾವ, ಅವು ಕೆಳಗಿಂದ ಚುಚ್ತವೆ. ಎರಡು ಪದರ ಹಾಕ್ತೀನಿ…

…ಜೇಬು ಬೇರೆ! ಕನ್ನಡಕಕ್ಕೆ, ಫೋನಿಗೆ, ಟಾರ್ಚಿಗೆ… ನೀರಿನ ಬಾಟ್ಲಿಗೂ? ಕಿಟಕಿ, ಬಾಗಿಲು, ಅಂಚೆ ಡಬ್ಬಿ ಏನೂ ಬೇಡ್ವಾ?…

…ಕೇಳಿ ಇಲ್ಲಿ, ಪರದೆ ಮುಚ್ಚೋ ಜಿಪ್ಪಲ್ಲಿ ಎರಡು ಥರ ಇದೆ. ಒಂದಕ್ಕೆ ಎಳೆಯೋ ಹಿಡಿ ಒಳಗೂ ಹೊರಗೂ ಇರುತ್ತೆ, ಇನ್ನೊಂದಕ್ಕೆ ಒಂದೇ ಕಡೆ. ಯಾವುದು ಹಾಕ್ಲಿ?… ಯಾವುದಾದ್ರೂನಾ? ಜೇಬಿಗೆ ಕಾಲು ಗಂಟೆ ಯೋಚನೆ, ಜಿಪ್ಪಿಗೆ ಯಾವುದಾದ್ರೂ! ಸರಿ, ನನಗೆ ಬಿಡಿ…

…ಮರಕ್ಕೆ ಕಟ್ಟೋ ಪಟ್ಟಿ ಎಷ್ಟು ಉದ್ದ? ಹನ್ನೊಂದಡಿ ಅಂತ ಅಷ್ಟು ಸರಿಯಾಗಿ ಹೇಗೆ ಹೇಳ್ತೀರಿ, ಮರಗಳನ್ನ ಮೊದಲೇ ಅಳೆದು ಬಂದಿದೀರಾ? ಏನು? ಕಬ್ಬಿಣದ ಪೈಪಿಗೆ ಕಟ್ಟಿದ್ರೆ ಜಾರುತ್ತಾ ಅಂದ್ರಾ? ಕಾಡಲ್ಲಿ ಪೈಪು ಎಲ್ಲಿಂದ ಬಂತು ಭಾವ?…

…ತಡೀರಿ ತಡೀರಿ. ನಿಮ್ಮನೆ ತಾರಸಿ ಮೇಲಿನ ನೀರಿನ ಟ್ಯಾಂಕಿನ ಪೈಪು. ಆ ಕಡೆ ಬಟ್ಟೆ ಒಣಗ್ಸೋ ಕಂಬ. ಅಲ್ವಾ?…

…ಎಷ್ಟು ದಿನದಿಂದ ಮಲಗ್ತಿದೀರಿ ಅಲ್ಲಿ? ಆರು ದಿನ! ಬರೀ ಚಾಪೆ ಮೇಲೆ! ಕಾಡಂತೆ ಕಾಡು!…

…ಏನೂ ಹೇಳ್ಬೇಡಿ, ನನಗೆಲ್ಲ ಗೊತ್ತು. ಅಕ್ಕ ಡ್ರೈವಿಂಗ್ ಟೆಸ್ಟಲ್ಲಿ ಮೂರನೇ ಸಲ ಫೇಲಾದಾಗ ಇನ್ಸ್‌ಪೆಕ್ಟರ್ ಎದುರಿಗೆ, ಸಾಲಲ್ಲಿ ನಿಂತಿದ್ದ ಅಷ್ಟೂ ಜನರ ಎದುರಿಗೆ, ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಯಾರು?… ತಮಾಷೆಗಾ? ಕಾರಿಂದ ಇಳಿಯೋಕೂ ಆಗದೆ ಸ್ಟೀರಿಂಗ್ ಹಿಡ್ಕೊಂಡು ಕೂತಿದ್ಲಂತೆ. ಅಲ್ಲಿಂದ ಸೀದಾ ಇಲ್ಲಿಗೆ ಬಂದು, ನಾನು ಬಟ್ಟೆ ಕತ್ತರಿಸೋ ಈ ಮೇಜಿನ ಮೇಲೇ ತಲೆ ಇಟ್ಟು ಅತ್ಲು. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ ನನಗೆ?…

…ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರಾ? ಇಲ್ಲ ತಾನೇ? ಆ ಒಂದು ಮಾತು ಉಳ್ಸೋಕೆ ಎರಡು ಪದರ, ನಾಲ್ಕು ಜೇಬು, ಹನ್ನೊಂದಡಿ ಪಟ್ಟಿ!…

…ಹೇಳಿದ್ರೆ ಅವಳು ನಕ್ಕುಬಿಟ್ರೆ ಅಂತ ಭಯಾನಾ? ನಗಲಿ ಬಿಡಿ. ಹೇಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ…

…ಹೊಲಿಯಲ್ಲ ಅಂದ್ನಾ ನಾನು? ನಾಳೆ ಸಂಜೆ ಬಂದು ತಗೊಂಡು ಹೋಗಿ. ಜಿಪ್ಪು ಮಾತ್ರ ಈಗ್ಲೇ ಆರಿಸಿಬಿಟ್ಟೆ. ಒಂದೇ ಕಡೆ ಹಿಡಿ. ಅದೂ ಹೊರಗಡೆ…

…ಹೌದು, ಒಳಗಿಂದ ಎಳೆಯೋಕಾಗಲ್ಲ. ನೀವು ಮಲಗಿದ್ಮೇಲೆ ಮುಚ್ಚೋಕೂ ಅಕ್ಕ ಬರ್ಬೇಕು, ಬೆಳಿಗ್ಗೆ ತೆಗೆಯೋಕೂ ಅಕ್ಕಾನೇ ಬರ್ಬೇಕು. ಆ ತಾರಸಿ ಮೇಲೆ ನಿಮಗೆ ಇನ್ಯಾರಿದಾರೆ?…

…ಈಗ ಬದಲಾಯ್ಸು ಅಂದ್ರೆ? ಯಾವುದಾದ್ರೂ ಹಾಕು ಅಂದಿದ್ದು ನೀವೇ ಅಲ್ವಾ?…

…ಏನಂತ ಕರೆಯೋದಾ? ಮೊದಲು ತಪ್ಪಾಯ್ತು ಅನ್ನಿ, ಆಮೇಲೆ ಜಿಪ್ಪು ಎಳಿ ಅನ್ನಿ. ಹಿಂದುಮುಂದು ಮಾಡಿದ್ರೆ ಅವಳು ಮೆಟ್ಟಿಲಿಳಿದು ಹೋಗ್ತಾಳೆ ಅಷ್ಟೇ. ಎಲ್ಲಿ, ಒಂದ್ಸಲ ನನ್ನ ಹತ್ರ ಹೇಳಿ ನೋಡೋಣ…

…ಕೇಳಿಸ್ಲಿಲ್ಲ. ಜೋರಾಗಿ ಹೇಳಿ. ಯಾಕೆ, ಆಫೀಸಲ್ಲಿ ಎಲ್ಲರೂ ನೋಡ್ತಾರಾ?… ಅವತ್ತು ಅವಳನ್ನೂ ಎಲ್ಲರೂ ನೋಡ್ತಿದ್ರು ಭಾವ…

…ಹಾಂ… ಹಾಂ, ತಪ್ಪು ಅನ್ನೋವರೆಗೂ ಬಂತು. ಇನ್ನೊಂಚೂರು… ಹಲೋ? ಭಾವ?… ಹಲೋ?…