ದೋಣಿಗೆ ನಿಂಬೆಹಣ್ಣು

"ಹಲೋ... ಯಾರು ಮಾತಾಡೋದು?... ಅಂಬರೀಶಣ್ಣನ ಫೋನಲ್ವಾ ಇದು?"

ಅಷ್ಟು ಕೇಳಿ ಅರುಂಧತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಜಗಳಕ್ಕೆ ನಿಂತಾಗ ತನ್ನ ದನಿ ಅಳುವವರ ದನಿಯ ಹಾಗೆ ಕೇಳುತ್ತದೇನೋ ಎಂಬುದು ಅವಳ ಹಳೆಯ ಚಿಂತೆ. ತಾನು ಬರೆಯುವ ಡೈರಿಗೆ ಬಿಟ್ಟು ಇನ್ನಾರಿಗೂ ಹೇಳಿದವಳಲ್ಲ. ಅದಕ್ಕೇ ಬೆಳಿಗ್ಗೆಯೇ ಕೂತು ಮೂರು ಖಡಕ್ಕು ಮಾತು ಬರೆದು, ಬಾಯಿಪಾಠ ಮಾಡಿ, ಬೆಳಕವಾಡಿಯ ಮನೆಯ ತಾರಸಿ ಹತ್ತಿ ನೀರಿನ ಟ್ಯಾಂಕಿನ ನೆರಳಿಗೆ ನಿಂತಿದ್ದಳು. ದುದ್ದದಲ್ಲಿ ಫೋನೆತ್ತಿದ್ದು ದೊಡ್ಡಪ್ಪನ ಮಗ ಅಂಬರೀಶನಲ್ಲ, ಅವನ ತಾಯಿ ಚಲುವಮ್ಮ.

"ದೊಡ್ಡಮ್ಮ, ನಾನು ಅರುಂಧತಿ... ಹಾಂ, ಚೆನ್ನಾಗಿದೀನಿ... ಆಯ್ತು, ಮುದ್ದೆ ಉಪ್ಸಾರು... ಅಣ್ಣ ಎಲ್ಲಿ?... ಯಾರೋ ಬಂದವ್ರಾ? ಇರ್ಲಿ, ಕಾಯ್ತೀನಿ... ಅಯ್ಯೋ, ಗಂಡಿನ ವಿಷಯ ಅಲ್ಲ ದೊಡ್ಡಮ್ಮ! ದೋಣಿ ವಿಷಯ."

ದೋಣಿ ಎಂದರೆ ಮೊಳದುದ್ದದ ರಿಮೋಟು ದೋಣಿ. ಡಬ್ಬಿಯಲ್ಲಿ ಬಂದ ಮರದ ಪಟ್ಟಿಗಳನ್ನು ಒಂದೊಂದಾಗಿ ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಅಂಟಿಸಿ, ಎಂಟು ತಿಂಗಳು ಕೂತು ಕಟ್ಟಿದ್ದಳು. ಡಬ್ಬಿಯ ಮೋಟರು ಕೆರೆಯ ಗಾಳಿಗೆ ತಡೆಯುವುದಿಲ್ಲವೆಂದು ದೊಡ್ಡದು ತಂದು ಕೂರಿಸಿದಳು. ಆ ಭಾರಕ್ಕೆ ಹಿಂಭಾಗ ಜಗ್ಗಿತೆಂದು ಮೀನುಬಲೆಯ ಸೀಸದ ಗುಂಡುಗಳನ್ನು ಮೂತಿಯೊಳಗೆ ಇಟ್ಟಳು. ಜೊಂಡು ಸುತ್ತಿಕೊಳ್ಳಬಾರದೆಂದು ಟೀ ಸೋಸುವ ಜರಡಿಯನ್ನು ಕತ್ತರಿಸಿ ನೀರು ತಳ್ಳುವ ಹಿಂದಿನ ಫ್ಯಾನಿಗೆ ಗೂಡು ಮಾಡಿದಳು. ದನ ನೀರು ಕುಡಿಯುವ ತೊಟ್ಟಿಯಲ್ಲೇ ಮತ್ತೆ ಮತ್ತೆ ಬಿಟ್ಟು ತಿದ್ದಿದ್ದು. ಅಂಥದ್ದನ್ನು ಅಂಬರೀಶ 'ಒಂದು ದಿನಕ್ಕೆ ಕೊಡವ್ವ' ಎಂದು ಒಯ್ದು ಇವತ್ತಿಗೆ ಒಂಬತ್ತು ದಿನ.

"ಸ್ಟೇಟಸ್ ನೋಡ್ದೆ ದೊಡ್ಡಮ್ಮ. 'ನಾನೇ ಕಟ್ಟಿದ ದೋಣಿ' ಅಂತ ಹಾಕವ್ನೆ, ಮೀಸೆ ತಿರುವ್ಕೊಂಡು... ನೀವೂ ನೋಡಿದ್ರಾ? ಮೀಸೆ ಚೆನ್ನಾಗಿ ಬಂದೈತೆ ಅಂತೀರಾ... ಪೂಜೆ ಮಾಡಿದ್ರಾ? ಯಾವುದಕ್ಕೆ?... ದೋಣಿಗಾ?... ಹಾಂ... ಅರಿಸಿನ, ಕುಂಕುಮ... ಸರಿ... ಏನು, ನಿಂಬೆಹಣ್ಣಾ?"

ಹೊಸ ಬೈಕೋ ಟ್ರಾಕ್ಟರೋ ಮನೆಗೆ ಬಂದರೆ ಚಕ್ರದಡಿ ನಿಂಬೆಹಣ್ಣಿಟ್ಟು ಹಾಯಿಸುವುದು ಎಲ್ಲರ ಮನೆಯಲ್ಲೂ ಇದ್ದದ್ದೇ.

"ದೋಣೀಲಿ ಚಕ್ರ ಎಲ್ಲೈತೆ ದೊಡ್ಡಮ್ಮ?... ತಿರುಗೋದೇ ಚಕ್ರ ಅಂದ್ನಾ? ಆ ಫ್ಯಾನಿಗೆ ಕೊಟ್ನಾ ನಿಂಬೆಹಣ್ಣ?... ಜರಡಿ ಅಡ್ಡ ಇತ್ತಲ್ಲ... ಕಿತ್ತಾಕಿದ್ನಾ!... ಆಮೇಲೆ?... ಅಪ್ಪಚ್ಚಿ ಆಗ್ಲಿ ಅಂತ ರಿಮೋಟು ಒತ್ತೇ ಒತ್ತಿದ್ನಾ? ಆಯ್ತಾ ಅಪ್ಪಚ್ಚಿ?... ಇಲ್ವಾ? ಗುಂಯ್ ಅಂತಾ? ಸುಟ್ಟ ವಾಸನೆ ಬಂತಾ?... ಅಷ್ಟಾದ್ಮೇಲೂ ಕೆರೆಗೆ ಬಿಟ್ರಾ?"

ತಾರಸಿಯ ಬಿಸಿ ಅಂಗಾಲಿಗೆ ಹತ್ತುತ್ತಿದ್ದರೂ ಅವಳು ನೆರಳು ಬಿಟ್ಟು ಈಚೆ ಬಂದಿದ್ದಳು. ಆ ಫ್ಯಾನು ನಿಂತದ್ದು ದೋಣಿಯ ಹಿಂಭಾಗದ ತೂತಿನಿಂದ ಈಚೆ ಬರುವ, ಸೈಕಲ್ ಚಕ್ರದ ಕಡ್ಡಿಯಷ್ಟು ಸಣ್ಣ ಸಲಾಕೆಯ ಮೇಲೆ. ಅದು ನೆಟ್ಟಗೆ ತಿರುಗಲೆಂದು ಅವಳು ಒಂದು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು.

"ಮುಳುಗೋಯ್ತಾ?... ಎಷ್ಟು ದೂರದಲ್ಲಿ?... ಎತ್ತಿದ್ರಾ?... ಈಗ ಎಲ್ಲಿಟ್ಟಿದೀರಿ?... ಒಲೆ ಪಕ್ಕ! ಬ್ಯಾಟರಿ ಒಳಗೇ ಐತಾ?... ದೊಡ್ಡಮ್ಮ, ಎದ್ದೇಳಿ, ಮೊದ್ಲು ಈಚೆ ತಗೀರಿ! ಬೆಂಕಿ ಹತ್ಕೊಳ್ತದೆ ಅದು... ಒಣಗ್ದೇ ಇದ್ರೂ ಚಿಂತೆಯಿಲ್ಲ, ತಗೀರಿ... ಅಂಗಳಕ್ಕೆ, ಮನೆಯಿಂದ ದೂರ... ಇಟ್ರಾ? ಹಾಂ... ಈಗ ಫೋನು ಅಣ್ಣನಿಗೆ ಕೊಡಿ."

ಬರೆದು ತಂದ ಮೂರು ಮಾತಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಡಿಗ್ರಿ ಕಾಲೇಜಿನಲ್ಲಿ ಕಲಿತ ನಯದ ಮಾತು ಅಲ್ಲೇ ಬಿತ್ತು.

"ಏನಣ್ಣ, ಬುದ್ಧಿ ಐತಾ ನಿಂಗೆ?... ನಗಬೇಡ! ನಗಬೇಡ ಅಂದೆ... ನಿಂಬೆಹಣ್ಣು ಇಟ್ಟಿದ್ದು ದೊಡ್ಡಮ್ಮ ಅಲ್ಲ, ನೀನು. ಈಗಷ್ಟೇ ಹೇಳಿದ್ರು... ದೃಷ್ಟಿ ಆಗಬಾರದು ಅಂತಾ? ದೃಷ್ಟಿ ಆಗೋದಾದ್ರೆ ನಿನ್ ಮೀಸೆಗೆ ಆಗ್ಲಿ, ನನ್ ದೋಣಿಗ್ಯಾಕಣ್ಣ?... ನಿಧಾನ ಹೋಯ್ತಿತ್ತಾ? ಜೊಂಡಿರೋ ಕೆರೇಲಿ ನಿಧಾನಾನೇ ಹೋಗಬೇಕು! ಅದಕ್ಕೇ ಜರಡಿ ಹಾಕಿದ್ದು... ಗೊತ್ತಿರಲಿಲ್ವಾ? ಗೊತ್ತಿಲ್ದೋನು ಕೇಳಬೇಕಿತ್ತು. ಫೋನ್ ಇರ್ಲಿಲ್ವಾ? ಸ್ಟೇಟಸ್ ಹಾಕೋಕೆ ಇತ್ತಲ್ಲ!"

...

"ಯಾರು ಬಂದವ್ರೆ?... ರಾಜೇಂದ್ರ ಸರ್ರಾ?"

ಮಂಡ್ಯದ ರಾಜೇಂದ್ರ ಎಂದರೆ ಬರುವ ಭಾನುವಾರ ಮದ್ದೂರಿನಲ್ಲಿ ದೋಣಿ ಓಡಿಸುವವರ ಕೂಟ ನಡೆಸುವವರು. ಹೆಸರು ಕೊಟ್ಟವರ ಮನೆಗೆಲ್ಲ ಹೋಗಿ ದೋಣಿ ನೋಡಿ ಬರುತ್ತಿದ್ದರು. ಕಟ್ಟಿದವರೇ ಓಡಿಸಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಅರ್ಜಿ ಕಳಿಸಿದ ದಿನದಿಂದ ಅರುಂಧತಿ ಆ ಭಾನುವಾರವನ್ನು ಬೆರಳಲ್ಲಿ ಎಣಿಸುತ್ತಿದ್ದಳು.

"ಅಲ್ಲೇ ಅವ್ರಾ? ಪಡಸಾಲೇಲಿ?... ಏನಂತ ಹೇಳ್ದೆ ಅವ್ರಿಗೆ?... ಏನು? ಇನ್ನೊಂದ್ಸಲ ಹೇಳು... 'ಕಟ್ಟಿದ್ದು ನಾನೇ, ಹಿಂಭಾಗಕ್ಕೆ ಮಾತ್ರ ತಂಗಿ ಅಂಟು ಹಾಕಿದ್ಲು, ಅಲ್ಲೇ ನೀರು ನುಗ್ತು' ಅಂದ್ಯಾ?... ಹಂಗಂದ್ಯಾ ಅಣ್ಣ?"

ಕೆಳಗೆ ಬೀದಿಯಲ್ಲಿ ಶಿವನಸಮುದ್ರದ ಬಸ್ಸು ಹಾರನ್ ಹಾಕಿಕೊಂಡು ಹೋಯಿತು. ಅದರ ಸದ್ದು ಅಡಗುವವರೆಗೂ ಅವಳು ಹಲ್ಲು ಕಚ್ಚಿ ನಿಂತಳು.

"ತೇಲೋವರ್ಗೂ ನಿಂದು, ಮುಳುಗಿದ್ಮೇಲೆ ನಂದಾ?... ಇಲ್ಲ, ಅಳ್ತಿಲ್ಲ. ನಾನು ಸಿಟ್ಟಾದ್ರೆ ಹಿಂಗೇ ಕೇಳೋದು, ಕೇಳಿಸ್ಕೊ!... ಅರ್ಜೀಲಿ ಯಾರ ಹೆಸರೈತೆ ಅಂತ ನನ್ನೇ ಕೇಳ್ತೀಯಾ?... ನಿಂದೇ ಐತೆ, ಗೊತ್ತು... ಅದನ್ನ ಯಾರು ಬರೆದ್ರು ಅನ್ನೋದು ಈಗ ಬ್ಯಾಡ... ಬ್ಯಾಡ ಅಂದ್ನಲ್ಲ! ಮಾತು ತಿರುಗಿಸ್ಬೇಡ."

ಅರ್ಜಿಯ ಮಾತು ಬಂದದ್ದೇ ಅವಳ ಕಿವಿ ಕೆಂಪಾಯಿತು. ಟ್ಯಾಂಕಿನ ಸಿಮೆಂಟನ್ನು ಉಗುರಿನಿಂದ ಕೆರೆಯತೊಡಗಿದಳು. ಆ ಕಡೆಯಿಂದ ಅಂಬರೀಶನ ದನಿ ಸಣ್ಣದಾಯಿತು, ಪಿಸುಮಾತಾಯಿತು.

"ಅಂಗಳಕ್ಕೆ ಇಳಿದು ದೋಣಿ ನೋಡ್ತಾವ್ರಾ?... ಏನು ಕೇಳ್ತಾವ್ರೆ ಅವ್ರು?... ಸೀಸದ ಗುಂಡು ಯಾಕಿಟ್ಟೆ ಅಂತಾ?... ಅದು, ಮೋಟರ್ ಭಾರಕ್ಕೆ ಹಿಂಭಾಗ ಜಗ್ತದೆ, ಅದಕ್ಕೆ ಮುಂದ್ಗಡೆ... ಹಾಂ, ಮುಂದ್ಗಡೆ. ಅಷ್ಟು ಹೇಳು... ಆಮೇಲೆ?... ಸಲಾಕೆ ತೂತಿಗೆ ಗ್ರೀಸು... ಯಾವ ಗ್ರೀಸು ಅಂದ್ರೆ..."

ಅಲ್ಲಿಗೆ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಇದೇನು ಮಾಡುತ್ತಿದ್ದೇನೆ ನಾನು? ಪರೀಕ್ಷೆಯಲ್ಲಿ ಪಕ್ಕದವನಿಗೆ ಚೀಟಿ ಕೊಡುವ ಹಾಗೆ ನನ್ನ ಎಂಟು ತಿಂಗಳನ್ನು ಒಂದೊಂದೇ ಹರಿದು ಇವನ ಕೈಗೆ ಕೊಡುತ್ತಿದ್ದೇನಲ್ಲ!

"...ಇಲ್ಲ. ಹೇಳಲ್ಲ... ಹೇಳಲ್ಲ ಕಣಣ್ಣ... ಮರ್ಯಾದೆ ಹೋಯ್ತದಾ? ಯಾರ್ದು?... ನಿಂದು ಹೋದ್ರೆ ಹೋಗ್ಲಿ ಬುಡು, ಮೀಸೆ ಉಳೀತದಲ್ಲ... ನಾಲ್ಕು ಜನರ ಮುಂದೆ ಬಾಯಿ ಬಿಡೋಳಲ್ಲ ನಾನು, ಹೌದು. ಮದ್ವೆ ಮನೇಲಿ ಅಡಿಗೆಮನೆ ಬಿಟ್ಟು ಈಚೆ ಬರೋಳಲ್ಲ, ಅದೂ ಹೌದು. ಎಲ್ಲಾ ಹೌದು. ಫೋನು ಅವರಿಗೆ ಕೊಡು... ಕೊಡಲ್ವಾ? ದೊಡ್ಡಮ್ಮನ್ನ ಕೂಗ್ಲಾ?... ದೊಡ್ಡಮ್ಮಾ!... ಹಾಂ, ಕೊಡು."

...

"ನ... ನಮಸ್ಕಾರ ಸರ್... ಅರುಂಧತಿ ಅಂತ... ಅಂಬರೀಶಣ್ಣನ ಚಿಕ್ಕಪ್ಪನ ಮಗಳು... ಹೌದು ಸರ್, ಬೆಳಕವಾಡಿ... ಅಂಟಾ?... ಅಂಟು ಬಿಟ್ಟಿಲ್ಲ ಸರ್. ನೀವೇ ನೋಡಿ, ಹಿಂದೆ ಸಲಾಕೆ ಬಾಗೈತೆ. ಅದು ಅದುರಿ ಅದುರಿ ತೂತು ಅಗಲ ಆಗಿರ್ತದೆ, ನೀರು ಬಂದಿದ್ದು ಅಲ್ಲಿಂದ... ಕಾಣ್ತಾ?... ಹಾಂ, ಅದೇ... ನಿಂಬೆ ಬೀಜ ಸಿಕ್ತಾ ಸರ್? ಸಿಕ್ತದೆ."

ಅವರು ನಕ್ಕಿರಬೇಕು. ಅವಳಿಗೆ ನಗು ಬರಲಿಲ್ಲ.

"ರಿಪೇರಿ ಆಗ್ತದೆ ಸರ್... ಬೇರೆ ಸಲಾಕೆ ಐತೆ ನನ್ನತ್ರ, ಎರಡು ದಿನ ಸಾಕು... ಇದೆಲ್ಲ ಹೆಂಗೆ ಗೊತ್ತು ಅಂದ್ರೆ... ಹೆಂಗೆ ಅಂದ್ರೆ... ಹಾಂ ಸರ್, ಇದೀನಿ, ಲೈನಲ್ಲೇ ಇದೀನಿ... ಅರ್ಜೀಲಿ ಅಂಬರೀಶ್ ಅಂತಾನೇ ಐತೆ, ಹೌದು... ಅಣ್ಣ ಸುಳ್ಳು ಬರೆದ್ನಾ ಅಂತಾ?..."

ಹೌದು ಅಂದುಬಿಟ್ಟರೆ ಮುಗಿಯಿತು. ಅವನಿಗೆ ಅದು ಆಗಬೇಕಾದ್ದೇ. ಬಾಯಿ ತುದಿಗೆ ಬಂದೂ ಇತ್ತು.

"ಇಲ್ಲ ಸರ್. ಅವನು ಬರೀಲಿಲ್ಲ... ಬರೆದಿದ್ದು ನಾನು. ನನ್ ಹೆಸರು ಕೂಗಿದ್ರೆ ಅಷ್ಟು ಜನರ ಮಧ್ಯ ಎದ್ದು ಬರಬೇಕಲ್ಲ ಅಂತ ಹೆದರಿ, ನಾನೇ ಅಣ್ಣನ ಹೆಸರು ಬರೆದೆ. ದೋಣಿ ಕಟ್ಟಿದ್ದು ನಾನು ಸರ್. ಒಬ್ಳೇ ಕಟ್ಟಿದ್ದು... ಹಲೋ?... ಸರ್, ಕೇಳಿಸ್ತಾ?... ಹಲೋ..."

ಲೈನು ಕಟ್ಟಾಗಿತ್ತು. ಎಲ್ಲಿಯವರೆಗೆ ಕೇಳಿಸಿತೋ ತಿಳಿಯದೆ ಅವಳು ಅದೇ ನಂಬರನ್ನು ಮತ್ತೆ ಒತ್ತಿದಳು.